ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರೆ, ಆದರೂ "ಅಂಗವಿಕಲರಲ್ಲ" ಎನ್ನುತ್ತಾರೆ. ಮುಂದೇನು ಮಾಡಲಿ?

ರಾಗಿಗಂಜಿ | 11 ಆಗಸ್ಟ್ 2024

ಎಲ್ಲರಿಗೂ ನಮಸ್ಕಾರ. ಊರಿನ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ನಾಳೆ ಅಲ್ಲಿಗೇ ಹೋಗಬೇಕಾದವಳು ನಾನು.

ನಮ್ಮವರಿಗೆ 49 ವರ್ಷ. ಖಾಸಗಿ ಕಾರ್ಖಾನೆಯೊಂದರಲ್ಲಿ ಹದಿನಾರು ವರ್ಷಗಳಿಂದ ಪಾಳಿ ಮೇಲ್ವಿಚಾರಕರು, ಸಂಬಳ 18,500. ಕಳೆದ ದೀಪಾವಳಿಯ ಹೊತ್ತಿಗೆ ಗಂಟಲು ಕಟ್ಟಿತು. ನೆಗಡಿ ಎಂದುಕೊಂಡು ಒಂದು ತಿಂಗಳು ಕಷಾಯ ಕುಡಿಸಿದೆ, ಅದು ಈಗಲೂ ನನ್ನನ್ನು ಚುಚ್ಚುತ್ತದೆ. ಜನವರಿ ಮೊದಲ ವಾರದಲ್ಲಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಆಮೇಲೆ 30 ಸಲ ವಿಕಿರಣ. ಈಗ ಕತ್ತಿನ ಬುಡದಲ್ಲಿ ಮಾಡಿರುವ ರಂಧ್ರದಿಂದಲೇ ಉಸಿರಾಟ. ಮಾತಿಲ್ಲ. ನಾನು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ನಡುಮನೆಯಲ್ಲಿ ಕೂತ ಅವರು ಕತ್ತಿನಿಂದ ಕೆಮ್ಮುತ್ತಾರೆ. ಆ ಸದ್ದು ಕೇಳಿದ ಮೇಲೆ ಒಗ್ಗರಣೆಯನ್ನೇ ಬಿಟ್ಟಿದ್ದೇನೆ.

ಚಿಕಿತ್ಸೆಯ ಖರ್ಚು ಇಎಸ್‌ಐನಿಂದ, ಅಂದರೆ ಕಾರ್ಮಿಕರ ವಿಮೆಯಿಂದ ಹೋಯಿತು, ಅದರಲ್ಲಿ ದೂರಿಲ್ಲ. ಮೊದಲ ಮೂರು ತಿಂಗಳು ಸಂಬಳದ ಶೇ. 70ರಷ್ಟು ಹಣವೂ ಬಂತು. ಏಪ್ರಿಲ್‌ನಲ್ಲಿ "91 ದಿನ ಮುಗಿಯಿತು" ಎಂದು ನಿಂತಿತು. ಅಂದಿನಿಂದ ಮನೆಗೆ ಬರುವುದು ನನ್ನ ಹೊಲಿಗೆಯ ಹಣ ಮತ್ತು ಗೃಹಲಕ್ಷ್ಮಿಯ 2,000 ಮಾತ್ರ, ಅದೂ ಬಂದಾಗ.

ಅಂಗವಿಕಲ ವೇತನಕ್ಕೆ ಹಾಕೋಣ ಎಂದು ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಕೊಟ್ಟೆವು. ವೈದ್ಯಕೀಯ ಮಂಡಳಿಯ ಮುಂದೆ ಹೋದರೆ, ಅಲ್ಲಿದ್ದ ಡಾಕ್ಟರು ಕೈ ಎತ್ತಿಸಿದರು, ಕಾಲು ಮಡಿಸಿದರು, ನಾಲ್ಕು ಹೆಜ್ಜೆ ನಡೆಸಿದರು. "ಕ್ಯಾನ್ಸರ್ ನಮ್ಮ ಪಟ್ಟಿಯಲ್ಲಿಲ್ಲಮ್ಮ, ಇವರು ಚೆನ್ನಾಗಿಯೇ ನಡೆಯುತ್ತಾರಲ್ಲ" ಎಂದರು. ಇವರು ಏನೋ ಹೇಳಲು ಸ್ಲೇಟು ತೆಗೆದರು, ಬರೆದು ಮುಗಿಸುವಷ್ಟರಲ್ಲಿ ಮುಂದಿನವರ ಹೆಸರು ಕೂಗಿಯಾಗಿತ್ತು. ಸ್ಲೇಟಿನ ಮೇಲೆ "ಸ್ವಾಮಿ, ಮಾತು" ಎಂದಷ್ಟೇ ಇತ್ತು.

ಇದರ ಜೊತೆಗೆ ಕಾರ್ಖಾನೆಯಿಂದ ಎರಡು ಸಲ ಫೋನ್ ಬಂತು. "ರಾಜೀನಾಮೆ ಬರೆದುಕೊಡಿ, ಲೆಕ್ಕ ಚುಕ್ತಾ ಮಾಡುತ್ತೇವೆ" ಎನ್ನುತ್ತಾರೆ. ಕೈಯಲ್ಲಿ ಕಾಸಿಲ್ಲ, ಬರೆದುಕೊಟ್ಟುಬಿಡೋಣ ಎಂದು ಇವರೂ ಹೇಳುತ್ತಿದ್ದಾರೆ. ತಿಳಿದವರು ದಾರಿ ತೋರಿಸಿ.

---

ಹಳೆಯ ಗುಮಾಸ್ತ | 11 ಆಗಸ್ಟ್

ತಾಯಿ, ಉಳಿದದ್ದೆಲ್ಲ ಆಮೇಲೆ. ರಾಜೀನಾಮೆ ಬರೆದುಕೊಡಬೇಡಿ. ಖಾಲಿ ಹಾಳೆಗೂ ಸಹಿ ಬೇಡ. ರಾತ್ರಿ ವಿವರವಾಗಿ ಬರೆಯುತ್ತೇನೆ.

---

ಮಲ್ಲಿಗೆ ದಂಡೆ | 11 ಆಗಸ್ಟ್

ಅಕ್ಕ, ಕಷಾಯದ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯಾರ ಮನೆಯಲ್ಲೇ ಆಗಲಿ ಗಂಟಲು ಕಟ್ಟಿದರೆ ಮೊದಲು ಕುದಿಯುವುದು ಕಷಾಯವೇ.

---

ನೇರಮಾತು | 11 ಆಗಸ್ಟ್

ಬೇಸರ ಮಾಡಿಕೊಳ್ಳಬೇಡಿ. ಬೀಡಿ, ಗುಟ್ಕಾ ಚಟ ಇತ್ತೇ? ಇದ್ದರೆ ಅದಕ್ಕೆ ಸರ್ಕಾರದ ಹಣ ಏಕೆ ಕೊಡಬೇಕು? ನಾವು ತೆರಿಗೆ ಕಟ್ಟುವವರು.

---

ಬಿಸಿಲೂರು | 11 ಆಗಸ್ಟ್

ನೇರಮಾತು ಅವರೇ, ಇಎಸ್‌ಐ ನಿಮ್ಮ ತೆರಿಗೆಯಲ್ಲ. ಪ್ರತಿ ತಿಂಗಳು ಅವರ ಸಂಬಳದಿಂದ ಶೇ. 0.75, ಕಾರ್ಖಾನೆಯಿಂದ ಶೇ. 3.25 ಕಟ್ಟಿಸಿಕೊಂಡ ವಿಮೆ ಅದು. ಹದಿನಾರು ವರ್ಷ ಕಂತು ಕಟ್ಟಿದವರು ಕೇಳುತ್ತಿದ್ದಾರೆ, ಭಿಕ್ಷೆಯಲ್ಲ. ನಿಮ್ಮ ಬೈಕಿಗೆ ಅಪಘಾತವಾದರೆ ವಿಮೆಯವರು ನಿಮ್ಮ ಗುಣನಡತೆ ವಿಚಾರಿಸುತ್ತಾರೆಯೇ?

---

ನೇರಮಾತು | 11 ಆಗಸ್ಟ್

ಹೆಲ್ಮೆಟ್ ಹಾಕಿರಲಿಲ್ಲ ಎಂದರೆ ವಿಚಾರಿಸುತ್ತಾರೆ ಸ್ವಾಮಿ.

---

ರಾಗಿಗಂಜಿ | 11 ಆಗಸ್ಟ್

ಬೀಡಿ ಸೇದುತ್ತಿದ್ದರು. ಮಗಳು ಹತ್ತನೆಯ ತರಗತಿಗೆ ಬಂದ ವರ್ಷ, ಅಂದರೆ 2015ರಲ್ಲಿ ಬಿಟ್ಟರು. ಮುಚ್ಚಿಡುವಂಥದ್ದೇನೂ ಇಲ್ಲ.

---

ಹಳೆಯ ಗುಮಾಸ್ತ | 11 ಆಗಸ್ಟ್, ರಾತ್ರಿ

ನಾನು ಕಾರ್ಮಿಕರ ಕಾಗದಪತ್ರಗಳ ನಡುವೆಯೇ ಮೂವತ್ತು ವರ್ಷ ಕಳೆದು ನಿವೃತ್ತನಾದವನು.

ನೀವು ದೊಡ್ಡ ಹಣ ಬಿಟ್ಟು ಚಿಲ್ಲರೆಯ ಹಿಂದೆ ಓಡುತ್ತಿದ್ದೀರಿ. 91 ದಿನ ಮುಗಿದರೆ ಎಲ್ಲ ಮುಗಿಯಿತು ಎಂಬುದು ಜ್ವರ, ನೆಗಡಿಗೆ. ಇಎಸ್‌ಐನಲ್ಲಿ ದೀರ್ಘಕಾಲದ 34 ಕಾಯಿಲೆಗಳ ಪಟ್ಟಿ ಇದೆ, ಕ್ಯಾನ್ಸರ್ ಅದರಲ್ಲಿದೆ. ಅವುಗಳಿಗೆ "ವಿಸ್ತರಿತ ಅನಾರೋಗ್ಯ ಸೌಲಭ್ಯ" ಎಂದು ಬೇರೆಯೇ ಇದೆ. ದರವೂ ಹೆಚ್ಚು, ಸಂಬಳದ ಶೇ. 80. ನಿಮ್ಮ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 14,800. ಮೊದಲು 124 ದಿನ ಕೊಡುತ್ತಾರೆ, ವೈದ್ಯಕೀಯ ಪರಿಶೀಲನೆಯ ಮೇಲೆ 309 ದಿನಕ್ಕೆ, ಆಮೇಲೆ ಗರಿಷ್ಠ ಎರಡು ವರ್ಷದವರೆಗೆ ವಿಸ್ತರಿಸುತ್ತಾರೆ. ಕಾಯಿಲೆ ಬರುವ ಮೊದಲು ಎರಡು ವರ್ಷ ಸತತ ಸೇವೆ ಇರಬೇಕು, ಆ ಎರಡು ವರ್ಷದ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನ ವಂತಿಗೆ ಕಟ್ಟಿರಬೇಕು. ನಿಮ್ಮವರಿಗೆ ಹದಿನಾರು ವರ್ಷ.

ಆದರೆ ಒಂದು ತೊಡಕು. ಇಎಸ್‌ಐ ಚಿಕಿತ್ಸಾಲಯದಿಂದ ರಜೆಯ ಪ್ರಮಾಣಪತ್ರವನ್ನು ಬಿಡದೆ ಪಡೆಯುತ್ತಿರಬೇಕು. ಏಪ್ರಿಲ್ ನಂತರ ತೆಗೆದುಕೊಂಡಿದ್ದೀರಾ? ಇಲ್ಲದಿದ್ದರೆ ನಾಳೆಯೇ ಹೋಗಿ ಮತ್ತೆ ಶುರು ಮಾಡಿ. ಹಿಂದಿನ ತಿಂಗಳುಗಳಿಗೆ ಆಸ್ಪತ್ರೆಯ ದಾಖಲೆ ಇಟ್ಟು ಲಿಖಿತವಾಗಿ ಕೇಳಿ, ಕೊಡುವುದು ಬಿಡುವುದು ಅವರ ತೀರ್ಮಾನ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಕಚೇರಿಯಲ್ಲಿ ಬೆಲೆ ಇಲ್ಲ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.

---

ರಾಗಿಗಂಜಿ | 12 ಆಗಸ್ಟ್

ತೆಗೆದುಕೊಂಡಿಲ್ಲ ಸರ್. ಹಣ ನಿಂತಿತಲ್ಲ, ಚೀಟಿ ಏಕೆ ಎಂದುಕೊಂಡೆ. ಯಾರೂ ಹೇಳಲಿಲ್ಲ. ನಾಲ್ಕು ತಿಂಗಳು. ಮಾಂಗಲ್ಯದ ಗುಂಡು ಅಡವಿಟ್ಟಿದ್ದೇನೆ.

---

ಕಡಲತಡಿ | 12 ಆಗಸ್ಟ್

ಇಎಸ್‌ಐನಲ್ಲಿ ಅಂಗವೈಕಲ್ಯ ಸೌಲಭ್ಯ ಎಂದೇ ಇದೆ, ಶೇ. 90 ಕೊಡುತ್ತಾರೆ. ನನ್ನ ಭಾವನಿಗೆ ಬರುತ್ತಿದೆ. ಅದಕ್ಕೇ ಹಾಕಿ.

---

ಹಳೆಯ ಗುಮಾಸ್ತ | 12 ಆಗಸ್ಟ್

ನಿಮ್ಮ ಭಾವನಿಗೆ ಯಂತ್ರದಲ್ಲಿ ಕೈ ಸಿಕ್ಕಿತ್ತೇ?

---

ಕಡಲತಡಿ | 12 ಆಗಸ್ಟ್

ಹೌದು, ಎರಡು ಬೆರಳು. ನಿಮಗೆ ಹೇಗೆ ಗೊತ್ತಾಯಿತು?

---

ಹಳೆಯ ಗುಮಾಸ್ತ | 12 ಆಗಸ್ಟ್

ಆ ಶೇ. 90 ಕೆಲಸದಲ್ಲಿ ಆದ ಗಾಯಕ್ಕೆ ಮತ್ತು ಕೆಲಸದಿಂದಲೇ ಬಂದ ಕಾಯಿಲೆಗೆ ಮಾತ್ರ. ಹೆಸರು ಒಂದೇ ಥರ ಇರುವುದರಿಂದ ಎಲ್ಲರೂ ಎಡವುತ್ತಾರೆ. ಈ ತಾಯಿ ಅದಕ್ಕೆ ಅರ್ಜಿ ಹಾಕಿದರೆ ಇನ್ನೂ ಮೂರು ತಿಂಗಳು ಹಾಳು.

---

ಕತ್ತಿನಿಂದ ಉಸಿರು | 12 ಆಗಸ್ಟ್

ರಾಗಿಗಂಜಿ ಅವರೇ, ನನಗೂ 2017ರಲ್ಲಿ ಇದೇ ಶಸ್ತ್ರಚಿಕಿತ್ಸೆ ಆಗಿದೆ. ಟೈಪ್ ಮಾಡುವುದರಲ್ಲಿ ನಾನು ಈಗ ವಾಚಾಳಿ, ಆದ್ದರಿಂದ ಉದ್ದವಾದರೆ ಸಹಿಸಿಕೊಳ್ಳಿ.

ಡಾಕ್ಟರು ಹೇಳಿದ್ದು ಅರ್ಧ ಸತ್ಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ, ಅದರಲ್ಲಿ ಕ್ಯಾನ್ಸರ್ ಇಲ್ಲ. ಆದರೆ "ಮಾತು ಮತ್ತು ಭಾಷಾ ವೈಕಲ್ಯ" ಇದೆ. ಅದರ ವಿವರಣೆಯಲ್ಲಿ ಉದಾಹರಣೆಯಾಗಿ ಕೊಟ್ಟಿರುವ ಮೊದಲ ಹೆಸರೇ ಲ್ಯಾರಿಂಜೆಕ್ಟಮಿ, ಎಂದರೆ ಧ್ವನಿಪೆಟ್ಟಿಗೆ ತೆಗೆಯುವುದು. ಕಾಯ್ದೆ ಬರೆದವರು ನಿಮ್ಮ ಯಜಮಾನರನ್ನು ಎದುರಿಗೆ ಕೂರಿಸಿಕೊಂಡೇ ಬರೆದಂತಿದೆ.

ಒಂದು ಅನುಮಾನ. ಅರ್ಜಿ ತುಂಬಿದವರು ಯಾರು? ವೈಕಲ್ಯದ ಬಗೆ ಎಂಬಲ್ಲಿ ಏನು ಆರಿಸಿದ್ದಾರೆ ನೋಡಿ.

---

ರಾಗಿಗಂಜಿ | 12 ಆಗಸ್ಟ್

ಸೈಬರ್ ಅಂಗಡಿಯ ಹುಡುಗ ತುಂಬಿದ್ದು. ಈಗ ತೆಗೆದು ನೋಡಿದೆ ಅಣ್ಣ. "ಚಲನ ವೈಕಲ್ಯ" ಎಂದಿದೆ. ಕುತ್ತಿಗೆ ತಿರುಗಿಸಲು ಆಗುವುದಿಲ್ಲ ಎಂದು ನಾನೇ ಹೇಳಿದ್ದೆ, ಅದನ್ನೇ ಹಿಡಿದುಕೊಂಡಿದ್ದಾನೆ.

---

ಕತ್ತಿನಿಂದ ಉಸಿರು | 12 ಆಗಸ್ಟ್

ಸಿಕ್ಕಿತು ನೋಡಿ. ಅದಕ್ಕೇ ಮೂಳೆ ಡಾಕ್ಟರ ಮುಂದೆ ಕೂರಿಸಿದ್ದಾರೆ. ಅವರು ಮೂಳೆ ನೋಡಿದರು, ಮೂಳೆ ಸರಿಯಾಗಿದೆ! ಮಾತಿನ ವಿಭಾಗದಲ್ಲಿ ಹಾಕಿದರೆ ಕಿವಿ-ಮೂಗು-ಗಂಟಲು ತಜ್ಞರು, ವಾಕ್ ತಜ್ಞರು ನೋಡುತ್ತಾರೆ. ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರದಲ್ಲಿ "ಪೂರ್ಣ ಲ್ಯಾರಿಂಜೆಕ್ಟಮಿ" ಎಂದಿರುವ ಸಾಲಿಗೆ ಅಡಿಗೆರೆ ಎಳೆದುಕೊಂಡು ಹೋಗಿ. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೆಯ ಕಲಮಿನಡಿ ಮೇಲ್ಮನವಿ ಉಂಟು. ಆದರೆ ನಿಮಗೆ ಮೇಲ್ಮನವಿಗಿಂತ ಸರಿಯಾದ ಅರ್ಜಿಯೇ ಹತ್ತಿರದ ದಾರಿ.

ಕಾಗದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅವರ ಜೇಬಿನಲ್ಲಿ ಸದಾ ಒಂದು ಚೀಟಿ ಇರಲಿ: "ನಾನು ಕತ್ತಿನಿಂದ ಉಸಿರಾಡುತ್ತೇನೆ. ಆಮ್ಲಜನಕವನ್ನು ಕತ್ತಿನ ರಂಧ್ರಕ್ಕೆ ಕೊಡಿ, ಬಾಯಿ ಮೂಗಿಗಲ್ಲ." ದಾರಿಯಲ್ಲಿ ಬಿದ್ದರೆ ಬಂದವರು ಮೂಗಿಗೆ ಹಿಡಿಯುತ್ತಾರೆ, ಅಲ್ಲಿಂದ ಶ್ವಾಸಕೋಶಕ್ಕೆ ದಾರಿಯೇ ಇಲ್ಲ. ನನಗೆ ಒಮ್ಮೆ ಆಂಬ್ಯುಲೆನ್ಸಿನಲ್ಲಿಯೇ ಹಾಗಾಗಿದೆ.

ಒಗ್ಗರಣೆಗೆ: ರಂಧ್ರದ ಮೇಲೆ ಎರಡು ಪದರ ತೆಳು ಹತ್ತಿಬಟ್ಟೆ, ತುಸು ಒದ್ದೆ ಮಾಡಿ ಕಟ್ಟಿ. ಹಳೆಯ ಪಂಚೆ ಒಗೆದು ಒಗೆದು ಮೆತ್ತಗಾಗಿರುತ್ತದಲ್ಲ, ಅದಕ್ಕಿಂತ ಒಳ್ಳೆಯದಿಲ್ಲ. ನೂಲು ಬಿಡದಂತೆ ಅಂಚು ಹೊಲಿಯಿರಿ.

---

ಶರಾವತಿ ಹಿನ್ನೀರು | 12 ಆಗಸ್ಟ್

ನಿಮಗಾದರೂ ಪಟ್ಟಿಯಲ್ಲಿ ಹೆಸರಿದೆ. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್, ಕಂಕುಳಿನ ಗಂಟುಗಳನ್ನು ತೆಗೆದ ಮೇಲೆ ಬಲಗೈ ಬಾತುಕೊಂಡಿದೆ. ಪ್ರತಿದಿನ ಬೆಳಿಗ್ಗೆ ಬಿಗಿ ತೋಳಚೀಲವನ್ನು ನಾನೇ ಏರಿಸುತ್ತೇನೆ. ಸುಕ್ಕು ಬಂದರೆ ಅಲ್ಲೇ ಕೊರೆಯುತ್ತದೆ, ಆದ್ದರಿಂದ ಮಣಿಕಟ್ಟಿನಿಂದ ಅಂಗುಲ ಅಂಗುಲವಾಗಿ ಎಳೆಯಬೇಕು. ಹತ್ತು ನಿಮಿಷ ಬೇಕು. ಕೀಮೋದಿಂದ ಬೆರಳ ತುದಿ ಜೋಮು, ಬಿಸಿ ಪಾತ್ರೆ ಹಿಡಿದದ್ದೇ ತಿಳಿಯುವುದಿಲ್ಲ. ರೊಟ್ಟಿ ತಟ್ಟುವುದು ನಿಂತು ಎರಡು ವರ್ಷವಾಯಿತು.

ಮಂಡಳಿಯವರು ಅಳೆದು ಶೇ. 20 ಎಂದು ಬರೆದರು. ಬಿಳಿ ಕಾರ್ಡ್ ಬಂತು. 40 ಮುಟ್ಟದಿದ್ದರೆ ವೇತನವಿಲ್ಲ, ಬಸ್ ಪಾಸಿಲ್ಲ. ಆ ಕಾರ್ಡನ್ನು ಏನು ಮಾಡಲಿ, ಗೋಡೆಗೆ ಹಾಕಲೇ?

---

ಬಿಸಿಲೂರು | 12 ಆಗಸ್ಟ್

ಕಾಯ್ದೆ ಅಳೆಯುವುದು ಉಳಿದುಹೋದ ಊನವನ್ನು, ಕಾಯಿಲೆಯನ್ನಲ್ಲ. ನಿಯಮ ಅರ್ಥವಾಗುತ್ತದೆ, ನ್ಯಾಯ ಅರ್ಥವಾಗುವುದಿಲ್ಲ. ಕೀಮೋ ನಡೆಯುವಾಗ ಮನುಷ್ಯ ಹಾಸಿಗೆಯಿಂದ ಏಳಲಾರ, ಆಗ ಶೇಕಡಾ ಸೊನ್ನೆ.

---

ನೇರಮಾತು | 12 ಆಗಸ್ಟ್

ಇದನ್ನು ಒಪ್ಪುತ್ತೇನೆ. ಶೇ. 39 ಇದ್ದವನಿಗೆ ಏನೂ ಇಲ್ಲ, 40ಕ್ಕೆ ಎಲ್ಲ ಇದೆ ಎಂಬುದು ಯಾವ ಲೆಕ್ಕ?

---

ಕೋಲಾರದ ಹುಣಸೆ | 13 ಆಗಸ್ಟ್

"ಎಲ್ಲ ಇದೆ" ಎಂದರೆ ಎಷ್ಟು ಎಂದೂ ತಿಳಿಯಲಿ. ನಮ್ಮ ರಾಜ್ಯದಲ್ಲಿ ಶೇ. 40 ದಾಟಿದರೆ ತಿಂಗಳಿಗೆ 800, ಶೇ. 75 ದಾಟಿದರೆ 1,400. ನಾಡಕಚೇರಿಗೆ ನಾನು ಐದು ಸಲ ಓಡಾಡಿದೆ, ಕೂಲಿ ಹೋದದ್ದೇ ಮೂರು ತಿಂಗಳ ವೇತನಕ್ಕೆ ಸಮ. ಆದಾಯ ಮಿತಿಯೂ ಬಹಳ ಕೆಳಗಿದೆ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರೂ ಅಂಗವಿಕಲರೇ ಆಗಿರುವುದರಿಂದ ನೋವು ಗೊತ್ತಿರುತ್ತದೆ. ನನ್ನ ಅರ್ಜಿ ಕೊನೆಗೆ ದಡ ಸೇರಿದ್ದು ಅವರಿಂದಲೇ.

ಬಸ್ ಪಾಸ್ ಮಾತ್ರ ನಿಜವಾಗಿ ಉಪಯೋಗ. ವರ್ಷಕ್ಕೆ 660 ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು.

---

ಮಲ್ಲಿಗೆ ದಂಡೆ | 13 ಆಗಸ್ಟ್

ಬೆಂಗಳೂರಿಗೆ ತಪಾಸಣೆಗೆ ಹೋಗುವವರು ರೈಲಿನ ರಿಯಾಯಿತಿ ಮರೆಯಬೇಡಿ. ಇದಕ್ಕೆ ಅಂಗವಿಕಲ ಕಾರ್ಡು ಬೇಕಿಲ್ಲ, ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟರೆ ಸಾಕು. ಸ್ಲೀಪರಿನಲ್ಲೂ ಮೂರು ಹಂತದ ಹವಾನಿಯಂತ್ರಿತ ಬೋಗಿಯಲ್ಲೂ ರೋಗಿಗೆ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಶೇ. 75 ಕಡಿತ. ನಾವು ಕಿದ್ವಾಯಿಗೆ ಒಂದೂವರೆ ವರ್ಷ ಹೀಗೇ ಓಡಾಡಿದೆವು. ಮೊದಲ ಆರು ತಿಂಗಳು ಪೂರ್ತಿ ದುಡ್ಡು ಕೊಟ್ಟಿದ್ದೆವು, ಪಕ್ಕದ ಹಾಸಿಗೆಯವರು ಹೇಳಿದ ಮೇಲೆ ತಿಳಿದದ್ದು.

---

ರಾಗಿಗಂಜಿ | 13 ಆಗಸ್ಟ್

ಇಷ್ಟೊಂದು ಜನ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಎಲ್ಲವನ್ನೂ ಇವರಿಗೆ ಓದಿ ಹೇಳಿದೆ. "ಕತ್ತಿನಿಂದ ಉಸಿರು" ಅಣ್ಣನವರ ಬರಹವನ್ನು ಎರಡು ಸಲ ಓದಿಸಿಕೊಂಡರು.

ನಿನ್ನೆ ಇನ್ನೊಂದು ಆಯಿತು. ಬ್ಯಾಂಕಿನಿಂದ ಇವರ ಮೊಬೈಲಿಗೆ ಕರೆ. "ಖಾತೆದಾರರೇ ಮಾತನಾಡಬೇಕು" ಎಂದಳು ಹುಡುಗಿ. ಅವರಿಗೆ ಮಾತು ಬರುವುದಿಲ್ಲ ಎಂದೆ. "ಹಾಗಾದರೆ ಮಾತು ಬರುವುದಿಲ್ಲ ಎಂದು ಅವರೇ ಹೇಳಲಿ ಮೇಡಂ." ಇವರು ಫೋನ್ ತೆಗೆದುಕೊಂಡು ಲೋಟಕ್ಕೆ ಚಮಚದಿಂದ ಮೂರು ಸಲ ಬಡಿದರು. ಕರೆ ಕಡಿಯಿತು. ಇಬ್ಬರೂ ನಕ್ಕೆವು, ಜನವರಿಯ ನಂತರ ಮೊದಲ ಸಲ ಇರಬೇಕು. ಅವರ ನಗುವಿಗೂ ಸದ್ದಿಲ್ಲ, ಭುಜ ಕುಣಿಯುತ್ತದೆ ಅಷ್ಟೇ.

ಇನ್ನೊಂದು ಸಣ್ಣ ಜಗಳ ಬಗೆಹರಿಸಿ. ನನ್ನನ್ನು ಕರೆಯಲು ಅವರು ದೇವರ ಮನೆಯ ಗಂಟೆ ಇಟ್ಟುಕೊಂಡಿದ್ದಾರೆ. ಅತ್ತೆಯವರಿಗೆ ಸಿಟ್ಟು. ದೇವರ ಗಂಟೆಯನ್ನು ಮಂಚದ ಮೇಲೆ ಇಡುವುದೇ ಎನ್ನುತ್ತಾರೆ.

---

ಕಡಲತಡಿ | 13 ಆಗಸ್ಟ್

ಅತ್ತೆಯವರು ಹೇಳಿದ್ದು ಸರಿ. ಪೂಜೆಯ ಗಂಟೆಗೆ ಅದರದೇ ಮಡಿ ಇದೆ.

---

ಬಿಸಿಲೂರು | 13 ಆಗಸ್ಟ್

ಉಸಿರೇ ಕತ್ತಿಗೆ ಇಳಿದಿದೆ, ಗಂಟೆ ಮಂಚಕ್ಕೆ ಬಂದರೆ ದೇವರು ಕೋಪಿಸಿಕೊಳ್ಳುವನೇ?

---

ಕೋಲಾರದ ಹುಣಸೆ | 13 ಆಗಸ್ಟ್

ಹಸುವಿನ ಕೊರಳ ಗಂಟೆ ಕಟ್ಟಿ. ಸಂತೆಯಲ್ಲಿ ಸಿಗುತ್ತದೆ.

---

ಶರಾವತಿ ಹಿನ್ನೀರು | 13 ಆಗಸ್ಟ್

ಮನುಷ್ಯನಿಗೆ ಹಸುವಿನ ಗಂಟೆಯೇ? ಸೈಕಲ್ ಗಂಟೆ ತಂದು ಮಂಚದ ಸರಳಿಗೆ ಸ್ಕ್ರೂ ಹಾಕಿಸಿ. ಹೆಬ್ಬೆರಳಲ್ಲಿ ಒತ್ತಿದರೆ ಸಾಕು.

---

ಹಳೆಯ ಗುಮಾಸ್ತ | 13 ಆಗಸ್ಟ್

ಗಂಟೆಯ ವಿಚಾರಣೆ ಮುಗಿದಿದ್ದರೆ ರಾಜೀನಾಮೆಗೆ ಬರೋಣ.

ಭವಿಷ್ಯನಿಧಿಯ ಜೊತೆ 1995ರ ನೌಕರರ ಪಿಂಚಣಿ ಯೋಜನೆ ಇರುತ್ತದೆ. ಸೇವೆಯಲ್ಲಿರುವಾಗ ಶಾಶ್ವತ ಮತ್ತು ಸಂಪೂರ್ಣ ಅಶಕ್ತತೆ ಬಂದರೆ ವಯಸ್ಸು 58 ಆಗದಿದ್ದರೂ ಪಿಂಚಣಿ ಕೊಡುತ್ತಾರೆ. ಒಂದು ತಿಂಗಳ ವಂತಿಗೆ ಇದ್ದರೂ ಸಾಕು. ಅಶಕ್ತತೆ ಕಾರ್ಖಾನೆಯಲ್ಲೇ ಆಗಿರಬೇಕೆಂದಿಲ್ಲ. ಅವರ ವೈದ್ಯಕೀಯ ಮಂಡಳಿ ಬೇರೆಯೇ ಪರೀಕ್ಷಿಸುತ್ತದೆ, ಕೊಟ್ಟೇ ಕೊಡುತ್ತಾರೆ ಎಂದು ನಾನು ಆಣೆ ಮಾಡಲಾರೆ. ಆದರೆ "ಸೇವೆಯಲ್ಲಿರುವಾಗ" ಎಂಬ ಮಾತಿನ ಮೇಲೆಯೇ ಎಲ್ಲ ನಿಂತಿದೆ. ಸ್ವಂತ ಇಚ್ಛೆಯಿಂದ ಬಿಟ್ಟೆ ಎಂದು ಬರೆದುಕೊಟ್ಟವನು ಆಮೇಲೆ ಏನು ವಾದಿಸುತ್ತಾನೆ? ಇಎಸ್‌ಐ ಕಾಯ್ದೆಯ 73ನೆಯ ಕಲಮಿನಂತೆ ಅನಾರೋಗ್ಯ ಸೌಲಭ್ಯ ಪಡೆಯುತ್ತಿರುವವರನ್ನು ಕೆಲಸದಿಂದ ತೆಗೆಯುವಂತಿಲ್ಲ. ಅದಕ್ಕೇ ಅವರು ತೆಗೆಯುತ್ತಿಲ್ಲ, ನಿಮ್ಮ ಕೈಯಲ್ಲೇ ಬರೆಸುತ್ತಿದ್ದಾರೆ.

ಇನ್ನೊಂದು ಹೇಳಬೇಕು, ನಾಲಗೆ ಏಳುವುದಿಲ್ಲ. ಸೇವೆಯಲ್ಲಿರುವಾಗ ಏನಾದರೂ ಆದರೆ ಕುಟುಂಬಕ್ಕೆ ಠೇವಣಿ ಜೋಡಿತ ವಿಮೆ ಇದೆ, ಗರಿಷ್ಠ 7 ಲಕ್ಷ. ರಾಜೀನಾಮೆಯ ಜೊತೆ ಅದೂ ಹೋಗುತ್ತದೆ.

---

ಮಲ್ಲಿಗೆ ದಂಡೆ | 13 ಆಗಸ್ಟ್

ಸರ್, ಈ ಕೊನೆಯ ಮಾತು ಬೇಕಿತ್ತೇ? ಆಕೆ ಇದನ್ನು ಗಂಡನಿಗೆ ಓದಿ ಹೇಳುತ್ತಿದ್ದಾರೆ.

---

ಹಳೆಯ ಗುಮಾಸ್ತ | 13 ಆಗಸ್ಟ್

ಬೇಕಿತ್ತು. ಒಬ್ಬ ಹೆಣ್ಣುಮಗಳು ಹನ್ನೊಂದು ದಿನ ತಡವಾಗಿ ನನ್ನ ಮೇಜಿನ ಮುಂದೆ ಬಂದು ನಿಂತಿದ್ದಳು. ಹನ್ನೊಂದು ದಿನದ ಹಿಂದೆ ಗಂಡ ರಾಜೀನಾಮೆ ಕೊಟ್ಟಿದ್ದ. ಆ ಮುಖ ನನಗೆ ಇನ್ನೂ ಮರೆತಿಲ್ಲ. ಬೈಯುವುದಾದರೆ ಬೈಯಿರಿ.

---

ರಾಗಿಗಂಜಿ | 14 ಆಗಸ್ಟ್

ಓದಿ ಹೇಳಿದೆ. ಆ ಸಾಲನ್ನು ಬಿಡಲು ನೋಡಿದೆ, ಅವರು ಮೊಬೈಲ್ ಕಿತ್ತುಕೊಂಡು ತಾವೇ ಓದಿಕೊಂಡರು. ಸ್ಲೇಟಿನ ಮೇಲೆ ಬರೆದರು: "ಸರಿಯಾಗಿ ಹೇಳಿದ್ದಾರೆ. ಸಹಿ ಹಾಕುವುದಿಲ್ಲ."

---

ಸಂಜೀವಿನಿ ಬೇರು | 15 ಆಗಸ್ಟ್

ನಮ್ಮಲ್ಲಿ ನಾಟಿ ಔಷಧ ಇದೆ, 48 ದಿನದಲ್ಲಿ ಧ್ವನಿ ಮರಳುತ್ತದೆ. ಒಳಪೆಟ್ಟಿಗೆಗೆ ಸಂದೇಶ ಕಳುಹಿಸಿ.

---

ಕತ್ತಿನಿಂದ ಉಸಿರು | 15 ಆಗಸ್ಟ್

ಪೆಟ್ಟಿಗೆಯನ್ನೇ ತೆಗೆದಿದ್ದಾರೆ ಸ್ವಾಮಿ. ಬೇರು ತಿಂದರೆ ಹೊಸ ಪೆಟ್ಟಿಗೆ ಮೊಳೆಯುತ್ತದೆಯೇ?

ರಾಗಿಗಂಜಿ ಅವರೇ, ಮಾತಿಗೆ ನಿಜವಾದ ದಾರಿಗಳಿವೆ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರಿಸುವ ಪುಟ್ಟ ಕವಾಟ ಒಂದು. ಬೆರಳಿನಿಂದ ಕತ್ತಿನ ರಂಧ್ರ ಮುಚ್ಚಿದರೆ ಗಾಳಿ ಅದರ ಮೂಲಕ ಹೋಗಿ ಸ್ವರ ಹುಟ್ಟುತ್ತದೆ. ಆಮದಿನ ಕವಾಟಗಳಿಗೆ ಸಾವಿರಾರು ರೂಪಾಯಿ, ಅದನ್ನೂ ಆಗಾಗ ಬದಲಿಸಬೇಕು. ಬೆಂಗಳೂರಿನ ಡಾ. ವಿಶಾಲ್ ರಾವ್ ಅವರು "ಓಂ" ಎಂಬ ಕವಾಟವನ್ನು ಐವತ್ತು ರೂಪಾಯಿಯ ಆಸುಪಾಸಿನಲ್ಲಿ ರೂಪಿಸಿದ್ದರು. ನಿಮ್ಮವರಿಗೆ ಹೊಂದುತ್ತದೆಯೇ ಎಂದು ಶಸ್ತ್ರಚಿಕಿತ್ಸೆ ಮಾಡಿದವರನ್ನೇ ಕೇಳಿ. ಗಲ್ಲದ ಕೆಳಗೆ ಒತ್ತಿ ಹಿಡಿಯುವ ವಿದ್ಯುತ್ ಯಂತ್ರವೂ ಇದೆ, ಸ್ವರ ಮಾತ್ರ ರೋಬೋಟಿನಂತೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಾನು ಅನ್ನನಾಳದಿಂದ ಮಾತನಾಡುವುದನ್ನು ಕಲಿತೆ. ತೇಗಿನಲ್ಲಿ ಮಾತು ಕಟ್ಟುವ ವಿದ್ಯೆ ಅದು. ನಾನು ಮೊದಲು ಹೇಳಿದ ಪದ "ಅಪ್ಪ". ಎರಡನೆಯದು ಬೈಗುಳ.

---

ರಾಗಿಗಂಜಿ | 15 ಆಗಸ್ಟ್

ಅಣ್ಣ, ನಕ್ಕು ಸಾಕಾಯಿತು. ಮಗಳು ಅವರ ಮೊಬೈಲಿಗೆ ಬರೆದದ್ದನ್ನು ಓದಿ ಹೇಳುವ ತಂತ್ರಾಂಶ ಹಾಕಿಕೊಟ್ಟಿದ್ದಾಳೆ. ಅದರಲ್ಲಿ ಹೆಂಗಸಿನ ಧ್ವನಿ ಮಾತ್ರ ಇದೆ. ಊಟಕ್ಕೆ ಕೂತರೆ ಯಾರೋ ಟೀವಿ ವಾರ್ತೆಯವಳು "ಸಾರಿಗೆ ಉಪ್ಪು ಕಡಿಮೆ" ಎನ್ನುತ್ತಾಳೆ. ಉಪ್ಪು ಸರಿಯಾಗಿಯೇ ಇರುತ್ತದೆ.

---

ಕತ್ತಿನಿಂದ ಉಸಿರು | 15 ಆಗಸ್ಟ್

ಉಪ್ಪಿನ ತಪ್ಪಲ್ಲ. ಮೂಗಿನಿಂದ ಗಾಳಿ ಹೋಗುವುದಿಲ್ಲ, ಆದ್ದರಿಂದ ವಾಸನೆ ಹತ್ತುವುದಿಲ್ಲ, ವಾಸನೆ ಇಲ್ಲದಿದ್ದರೆ ಸಾರು ಬರೀ ಬಿಸಿನೀರು. ವಿಕಿರಣದಿಂದ ನಾಲಗೆಯೂ ಮಂಕಾಗಿರುತ್ತದೆ. ಬಾಯಿ ಮುಚ್ಚಿಕೊಂಡು ಆಕಳಿಸುವಂತೆ ದವಡೆ ಇಳಿಸುವ ಅಭ್ಯಾಸವೊಂದಿದೆ, ಅದರಿಂದ ಸ್ವಲ್ಪ ಗಾಳಿ ಮೂಗಿಗೆ ಎಳೆಯುತ್ತದೆ. ವಾಕ್ ತಜ್ಞರು ಹೇಳಿಕೊಡುತ್ತಾರೆ. ನನಗೆ ಮೊದಲು ಮರಳಿದ್ದು ಕಾಫಿಯ ವಾಸನೆ.

---

ರಾಗಿಗಂಜಿ | 19 ಸೆಪ್ಟೆಂಬರ್ 2024

ಒಂದು ತಿಂಗಳಾಯಿತು, ಹೇಳದಿದ್ದರೆ ತಪ್ಪಾಗುತ್ತದೆ.

ಇಎಸ್‌ಐನಲ್ಲಿ ಮೊದಲ ದಿನ "ಅಂಥದ್ದೇನೂ ಇಲ್ಲ" ಎಂದರು. ಗುಮಾಸ್ತ ಸರ್ ಬರೆದದ್ದನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ, ಮುಂದಿಟ್ಟೆ. ಒಳಗೆ ಹೋಗಿ ಕೇಳಿ ಬಂದರು. ಆಗಸ್ಟ್‌ನಿಂದ ಪ್ರಮಾಣಪತ್ರ ಕೊಡುತ್ತಿದ್ದಾರೆ, ಮೊದಲ ಹಣ ನಿನ್ನೆ ಖಾತೆಗೆ ಬಂತು. ಏಪ್ರಿಲ್‌ನಿಂದ ಜುಲೈವರೆಗಿನದು "ಮೇಲಕ್ಕೆ ಕಳುಹಿಸಿದ್ದೇವೆ" ಎಂದಿದ್ದಾರೆ. ಮುದ್ರೆ ಹಾಕಿಸಿಕೊಂಡಿದ್ದೇನೆ.

ಯುಡಿಐಡಿಗೆ ಮಾತಿನ ವಿಭಾಗದಲ್ಲಿ ಹೊಸ ಅರ್ಜಿ ಆಗಿದೆ, ಮಂಡಳಿಯ ದಿನ ಇನ್ನೂ ಕೊಟ್ಟಿಲ್ಲ. ಈ ಸಲ ನಾನೇ ಪಕ್ಕದಲ್ಲಿ ಕೂತು ತುಂಬಿಸಿದೆ. ಸೈಬರ್ ಹುಡುಗ ಹಣ ತೆಗೆದುಕೊಳ್ಳಲಿಲ್ಲ.

ಕಾರ್ಖಾನೆಯವರಿಗೆ ಇವರೇ ಕಾಗದ ಬರೆದರು: "ಚಿಕಿತ್ಸೆಯಲ್ಲಿದ್ದೇನೆ, ರಜೆಯಲ್ಲಿದ್ದೇನೆ, ರಾಜೀನಾಮೆ ಕೊಟ್ಟಿಲ್ಲ." ಆಮೇಲೆ ಫೋನ್ ಬಂದಿಲ್ಲ.

ಮಂಚಕ್ಕೆ ಸೈಕಲ್ ಗಂಟೆ ಬಂದಿದೆ. ಒಂದು ಸಲ ಒತ್ತಿದರೆ ನೀರು, ಎರಡು ಸಲಕ್ಕೆ ಕಾಫಿ. ನಿನ್ನೆ ಹಣ ಬಂದ ಸಂದೇಶ ನೋಡಿ ಒತ್ತಿದ್ದೇ ಒತ್ತಿದ್ದು, ಅತ್ತೆಯವರು ಅಡುಗೆಮನೆಯಿಂದ ಓಡಿ ಬಂದರು.

---

ಶರಾವತಿ ಹಿನ್ನೀರು | 19 ಸೆಪ್ಟೆಂಬರ್

ಸೈಕಲ್ ಗಂಟೆಯ ಶ್ರೇಯಸ್ಸು ನನಗೆ ಸೇರಬೇಕು. ದಾಖಲೆಯಲ್ಲಿರಲಿ.

---

ಕಂಪ್ಲಿ ಭತ್ತ | 22 ಸೆಪ್ಟೆಂಬರ್

ತಡವಾಗಿ ನೋಡಿದೆ. ನನ್ನ ಹೆಂಡತಿಗೆ ನಾಲಗೆಯ ಅರ್ಧಭಾಗ ತೆಗೆದಿದ್ದಾರೆ, ಮಾತು ನನಗೆ ಬಿಟ್ಟು ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ಸಿದ್ಧ ಉಡುಪು ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದಿದ್ದಾಳೆ. ಇದೇ ದಾರಿ ನಮಗೂ ಆಗುತ್ತದೆಯೇ?

---

ಹಳೆಯ ಗುಮಾಸ್ತ | 22 ಸೆಪ್ಟೆಂಬರ್

ಮಾತಿನ ವಿಭಾಗದಲ್ಲೇ ಅರ್ಜಿ ಹಾಕಿ, ಶೇಕಡಾ ಎಷ್ಟು ಎಂಬುದನ್ನು ಪರೀಕ್ಷೆ ಮಾಡಿ ಅವರು ಬರೆಯುತ್ತಾರೆ. ಇಎಸ್‌ಐ ಚೀಟಿ ಎಲ್ಲಿಯವರೆಗೆ ಇದೆ, ದಿನಾಂಕ ನೋಡಿ ಹೇಳಿ. ಅದಕ್ಕಿಂತ ಮೊದಲು ಇದನ್ನು ಹೇಳಿ: ಎಲ್ಲಿಯಾದರೂ ಸಹಿ ಹಾಕಿಕೊಟ್ಟಿದ್ದೀರಾ?